ಅರ್ಧ ಕ್ಯಾನು

ಕ್ಯಾನು ಅರ್ಧಕ್ಕೂ ಬಂದಿರಲಿಲ್ಲ. ರುದ್ರವ್ವ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು, ನೆಲಕ್ಕಿಟ್ಟು ದೂರ ಸರಿದೂ ನೋಡಿದಳು. ಎಲ್ಲಿಂದ ನೋಡಿದರೂ ಅದು ಅಷ್ಟೇ. ಇನ್ನು ಸ್ವಲ್ಪ ಹೊತ್ತಿಗೆ ಆಸ್ಪತ್ರೆಯ ರಾಧಿಕಾ ಬಂದು ಇದನ್ನು ಎತ್ತಿಕೊಂಡು ಹೋಗುತ್ತಾಳೆ. ನಿನ್ನೆ ಬೆಳಗಿನಿಂದ ಕಾದು ಕೂಡಿಸಿದ್ದು ಇಷ್ಟೇನಾ ಎಂದು ಆ ಹುಡುಗಿ ಮನಸ್ಸಿನಲ್ಲೇ ಅಂದುಕೊಂಡರೂ ಸಾಕು, ತನ್ನ ಮುಖ ಎಲ್ಲಿಡುವುದು ಎಂದು ಅವಳಿಗೆ ಚಿಂತೆಯಾಯಿತು.

ಮುಚ್ಚುಮರೆ ಏಕೆ, ಕ್ಯಾನಿನಲ್ಲಿದ್ದದ್ದು ರುದ್ರವ್ವನ ಮೂತ್ರ. ನಾಚಬೇಕಿದ್ದರೆ ಅದಕ್ಕೇ ನಾಚಬೇಕಿತ್ತು. ಆ ನಾಚಿಕೆಯನ್ನು ಅವಳು ನಿನ್ನೆಯೇ ಖರ್ಚು ಮಾಡಿ ಮುಗಿಸಿದ್ದಳು. ಚಾಳಿನ ಗ್ಯಾಲರಿಯ ತುದಿಯಲ್ಲಿದ್ದ ಸಂಡಾಸಿಗೆ ಹೋದಾಗಲೆಲ್ಲ ಕ್ಯಾನನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಒಯ್ದಳು, ಸುತ್ತಿಯೇ ತಂದಳು. ಪಕ್ಕದ ಖೋಲಿಯ ಇಂದ್ರಾಬಾಯಿ ಅದೇನೆಂದು ಕೇಳಿದಾಗ ಫಿನೈಲ್ ಎಂದು ಹೇಳಿ ಪಾರಾದಳು. ಈಗ ಉಳಿದಿದ್ದು ಅಳತೆಯ ನಾಚಿಕೆ ಮಾತ್ರ.

ಇದೆಲ್ಲ ಶುರುವಾದದ್ದು ಉಪ್ಪಿನಿಂದ. ಗ್ರಾಂಟ್ ರೋಡಿನ ಕಡೆಯ ಒಂದು ದೊಡ್ಡ ಆಸ್ಪತ್ರೆಯವರು ಮುಂಬೈಗೆ ಬೇರೆ ಬೇರೆ ಕಡೆಯಿಂದ ಬಂದು ನೆಲೆಸಿದ ಜನ ಎಷ್ಟು ಉಪ್ಪು ತಿನ್ನುತ್ತಾರೆ ಎಂದು ಸಂಶೋಧನೆ ನಡೆಸಿದ್ದರು. ಕೇಳಿದರೆ ಎಲ್ಲರೂ ರುಚಿಗೆ ಬೇಕಾದಷ್ಟು ಎನ್ನುತ್ತಾರೆಯೇ ಹೊರತು ಬೇರೆ ಉತ್ತರ ಸಿಗುವುದಿಲ್ಲವಲ್ಲ. ತಿಂದ ಉಪ್ಪು ಹೇಗೂ ಮೂತ್ರದಲ್ಲಿ ಹೊರಗೆ ಬರುತ್ತದೆ, ಆದ್ದರಿಂದ ಒಂದು ಇಡೀ ದಿನದ್ದನ್ನು ಕೂಡಿಸಿ ಅಳೆಯುವುದೆಂದು ಅವರು ತೀರ್ಮಾನಿಸಿದ್ದರು. ದಹಿಸರ್‌ನ ಕನ್ನಡದ ಮನೆಗಳು ರಾಧಿಕಾಳ ಪಾಲಿಗೆ ಬಂದಿದ್ದವು. ಅವಳ ಅಪ್ಪ ಧಾರವಾಡದವನು, ಅವಳು ಹುಟ್ಟಿ ಬೆಳೆದದ್ದೆಲ್ಲ ಮೀರಾ ರೋಡಿನಲ್ಲಿ. ಅಜ್ಜಿಯೊಬ್ಬಳ ಜೊತೆ ಆಡಿ ಉಳಿಸಿಕೊಂಡಿದ್ದ ಕನ್ನಡವನ್ನೇ ಹಿಂದಿಯ ಊರುಗೋಲು ಕೊಟ್ಟು ನಡೆಸುತ್ತಿದ್ದಳು.

ರುದ್ರವ್ವನ ಗಂಡ ದಾನಪ್ಪನಿಗೆ ದಹಿಸರ್ ಸ್ಟೇಷನ್ನಿನ ಹತ್ತಿರ ಕಡಕ್ ರೊಟ್ಟಿ ಮತ್ತು ಚಟ್ನಿಪುಡಿಗಳ ಸಣ್ಣ ಅಂಗಡಿ. ಶೇಂಗಾ, ಅಗಸಿ, ಗುರೆಳ್ಳು, ಮೂರನ್ನೂ ಮನೆಯಲ್ಲಿ ರುದ್ರವ್ವನೇ ಕುಟ್ಟುತ್ತಾಳೆ. ಬಿಜಾಪುರದ ಕಡೆಯವರು ಬೊರಿವಲಿ, ಭಾಯಂದರ್‌ಗಳಿಂದಲೂ ಹುಡುಕಿಕೊಂಡು ಬರುತ್ತಾರೆ. ರಾಧಿಕಾ ಮೊದಲು ಕೇಳಿದ್ದು ದಾನಪ್ಪನನ್ನೇ. ಅವನು ತನಗೇನೂ ರೋಗವಿಲ್ಲ, ತನ್ನ ಉಚ್ಚೆ ಅಳೆದು ಯಾರಿಗೂ ಏನೂ ಆಗಬೇಕಿಲ್ಲ ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದ. ಅವನ ಅಣ್ಣ ಮುರಿಗೆಪ್ಪ ಹಿಂದೊಮ್ಮೆ ಸೊಲ್ಲಾಪುರದ ಆಸ್ಪತ್ರೆಯೊಂದಕ್ಕೆ ನಡೆದುಕೊಂಡು ಒಳಗೆ ಹೋಗಿದ್ದ. ಹೊರಗೆ ಬರುವಾಗ ನಾಲ್ಕು ಜನ ಹೊತ್ತು ತಂದಿದ್ದರು. ಅಂದಿನಿಂದ ದಾನಪ್ಪ ಯಾವ ಆಸ್ಪತ್ರೆಯ ಮೆಟ್ಟಿಲನ್ನೂ ಹತ್ತಿದವನಲ್ಲ. ಜ್ವರ ಬಂದರೆ ಮೆಡಿಕಲ್ ಅಂಗಡಿಯ ಗುಳಿಗೆ, ಹೊಟ್ಟೆ ಕೆಟ್ಟರೆ ಓಂಕಾಳು, ಅಷ್ಟೇ.

ರುದ್ರವ್ವ ಒಪ್ಪಿದ್ದು ಸಂಶೋಧನೆಯ ಮೇಲಿನ ಪ್ರೀತಿಯಿಂದಲ್ಲ. ಊರ ಕಡೆಯ ಹುಡುಗಿ ಬಿಸಿಲಲ್ಲಿ ಬಂದು ಬಾಗಿಲಲ್ಲಿ ನಿಂತಿದ್ದಳು, ಕೊಟ್ಟ ರೊಟ್ಟಿಯನ್ನು ಬೇಡವೆನ್ನದೆ ತಿಂದಳು. ಅಲ್ಲದೆ ನೀವು ಏನು ಉಣ್ಣುತ್ತೀರಿ ಎಂದು ರುದ್ರವ್ವನನ್ನು ಯಾರಾದರೂ ಕೇಳಿ ಎಷ್ಟು ಕಾಲವಾಗಿತ್ತೋ, ಆ ಪ್ರಶ್ನೆಗೇ ಅವಳು ಕರಗಿ ಹೋದಳು.

ಆದರೆ ಚಾಳಿನ ಹೆಂಗಸಿಗೆ ಕ್ಯಾನು ತುಂಬಿಸುವುದು ಸುಲಭವಲ್ಲ. ಇಡೀ ಗ್ಯಾಲರಿಗೆ ಇದ್ದ ಸಂಡಾಸುಗಳ ಮುಂದೆ ಯಾವಾಗಲೂ ಯಾರಾದರೊಬ್ಬರು ನಿಂತೇ ಇರುತ್ತಾರೆ. ಗಂಡಸರು ಬೆಳಗಿನ ಹೊತ್ತು ಖೋಲಿಯ ಮೂಲೆಯ ಬಚ್ಚಲು ಮೋರಿಯಲ್ಲೇ ಮುಗಿಸಿಕೊಳ್ಳುತ್ತಾರೆ, ಹೆಂಗಸರಿಗೆ ಆ ಸಲಿಗೆ ಇಲ್ಲ. ಮದುವೆಯಾಗಿ ಬಂದ ಹೊಸದರಲ್ಲೇ ರುದ್ರವ್ವ ನೀರು ಕಡಿಮೆ ಕುಡಿಯುವುದನ್ನು ಕಲಿತಿದ್ದಳು. ಈಗ ಬಾಯಾರಿಕೆಯೂ ಅವಳನ್ನು ಕೇಳದೆ ಬರುವುದಿಲ್ಲ.

ಅವಳ ತವರಿನಲ್ಲೂ ಗಂಡನ ಮನೆಯಲ್ಲೂ ಬೇರೆಯವರ ಮನೆಯಿಂದ ಬಂದ ಪಾತ್ರೆಯನ್ನು ಖಾಲಿ ಕಳಿಸುವ ಪದ್ಧತಿ ಇರಲಿಲ್ಲ. ಇಂದ್ರಾಬಾಯಿಯ ಬಟ್ಟಲು ಖೀರು ಹೊತ್ತು ಬಂದರೆ ಶೇಂಗಾ ಚಟ್ನಿ ತುಂಬಿಕೊಂಡು ಹೋಗುತ್ತಿತ್ತು. ಏನೂ ಇಲ್ಲದ ದಿನ ಒಂದು ಹಿಡಿ ಸಕ್ಕರೆಯಾದರೂ ಹಾಕಬೇಕು. ಅದೂ ಕಂಠಮಟ್ಟ ಹಾಕಬೇಕು, ಅರ್ಧ ಹಾಕಿ ಕಳಿಸಿದರೆ ಅತ್ತೆ ಮೂರು ದಿನ ಮಾತಾಡುತ್ತಿರಲಿಲ್ಲ. ಇದು ಖೀರಿನ ಬಟ್ಟಲಲ್ಲ, ಆಸ್ಪತ್ರೆಯ ಕ್ಯಾನು ಎಂಬುದು ರುದ್ರವ್ವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಅದನ್ನು ಹಾಗೆ ಕೊಡಲು ಕೈ ಬರಲಿಲ್ಲ.

ನೀರು ಬೆರೆಸುವುದಂತೂ ಆಗದ ಮಾತು, ರಾಧಿಕಾ ಒತ್ತಿ ಒತ್ತಿ ಹೇಳಿದ್ದಳು. ರುದ್ರವ್ವ ಹಾಗೆ ಕ್ಯಾನಿನ ಮುಂದೆ ಕುಕ್ಕರುಗಾಲಲ್ಲಿ ಕೂತಿರುವಾಗ ದಾನಪ್ಪ ಎದ್ದು, ಕಣ್ಣು ಅರ್ಧ ಮುಚ್ಚಿಕೊಂಡೇ ಮೋರಿಯ ಕಡೆ ನಡೆದ. ರುದ್ರವ್ವನ ತಲೆ ಎಂದೂ ಇಷ್ಟು ಬೇಗ ಓಡಿರಲಿಲ್ಲ. ಮೋರಿ ಕಟ್ಟಿಕೊಂಡಿದೆ, ಈ ಡಬ್ಬಿಯಲ್ಲಿ ಮಾಡಿ, ಆಮೇಲೆ ತಾನು ಚೆಲ್ಲುತ್ತೇನೆ ಎಂದು ಡಾಲ್ಡಾದ ಹಳೆಯ ಡಬ್ಬಿಯೊಂದನ್ನು ಕೈಗೆ ಕೊಟ್ಟಳು. ಅವನು ಮುನಿಸಿಪಾಲಿಟಿಯವರಿಗೆ ಎರಡು ಬೈಗಳು ಬೈದು, ಹೇಳಿದ ಹಾಗೆ ಮಾಡಿದ. ಚಹಾ ಕುಡಿದು ಅಂಗಡಿಗೆ ಹೊರಡುವ ಮೊದಲು ಇನ್ನೆರಡು ಸಲ ಮಾಡಿದ. ಒಂದು ಹನಿಯನ್ನೂ ಕೊಡೆನೆಂದಿದ್ದ ದಾನಪ್ಪ ಹೀಗೆ ಸಂಶೋಧನೆಗೆ ಧಾರಾಳವಾಗಿ ಕೊಟ್ಟ.

ಡಬ್ಬಿಯಲ್ಲಿ ಹಾಲು ಕರೆದ ಹಾಗೆ ನೊರೆ ನಿಂತಿತ್ತು. ತೊಳೆದ ಸಾಬೂನು ಉಳಿದಿರಬೇಕು ಎಂದುಕೊಂಡು ರುದ್ರವ್ವ ಕ್ಯಾನಿಗೆ ಸುರಿದಳು. ಅದು ಮುಕ್ಕಾಲಿಗೆ ಬಂತು. ಮರ್ಯಾದೆಗೆ ಇಷ್ಟು ಸಾಕು. ಲೆಕ್ಕ ತಪ್ಪುತ್ತದೆಂಬ ಅಂಜಿಕೆಯೂ ಅವಳಿಗಿರಲಿಲ್ಲ. ಇಬ್ಬರೂ ಉಣ್ಣುವುದು ಒಂದೇ ಒಲೆಯ ಅಡುಗೆ, ಒಂದೇ ಡಬ್ಬಿಯ ಉಪ್ಪು. ಅದು ಅವನೊಳಗಿನಿಂದ ಬಂದರೇನು, ತನ್ನೊಳಗಿನಿಂದ ಬಂದರೇನು?

ರಾಧಿಕಾ ಬಂದು ಕ್ಯಾನು ಎತ್ತಿ ನೋಡಿ, ಚಿಕ್ಕಮ್ಮನನ್ನು ಕರೆಯುವ ಹಾಗೆ "ಅರೆ ವಾಹ್, ಕಾಕು" ಎಂದಳು. ರುದ್ರವ್ವ ಸೆರಗಿನಲ್ಲಿ ಮುಖ ಒರೆಸಿಕೊಂಡು ನಕ್ಕಳು. ಹೋಗುವಾಗ ಹುಡುಗಿಯ ಚೀಲಕ್ಕೆ ಅಗಸಿ ಚಟ್ನಿಯ ಒಂದು ಪೊಟ್ಟಣವನ್ನೂ ಹಾಕಿದಳು.

ಕೆಲವು ವಾರಗಳ ಮೇಲೆ ರಾಧಿಕಾ ಮತ್ತೆ ಬಂದದ್ದು ಮಧ್ಯಾಹ್ನ, ದಾನಪ್ಪ ಊಟಕ್ಕೆಂದು ಮನೆಗೆ ಬಂದಿದ್ದ ಹೊತ್ತಿನಲ್ಲಿ. ಈ ಸಲ ಅವಳು ರೊಟ್ಟಿ ಬೇಡವೆಂದಳು. ಚಾಪೆಯ ಅಂಚಿನಲ್ಲಿ ಕೂತು, ಮಾತು ಹುಡುಕಿದಳು.

"ಕಾಕು, ಉಪ್ಪಿನ ಸಾಥ್ ಬೇರೆ ಟೆಸ್ಟ್ ಭೀ ಮಾಡ್ತಾರೆ. ನಿಮ್ದು ಸ್ಯಾಂಪಲ್‌ನಲ್ಲಿ ಪ್ರೋಟೀನ್ ಬಹಳ ಬಂದಿದೆ. ಬರಬಾರ್ದು ಅದು, ಬಂದ್ರೆ ನೊರೆ ಬರತ್ತೆ. ಮತಲಬ್... ಕಿಡ್ನಿ ಸರಿ ಕೆಲಸ ಮಾಡ್ತಾ ಇಲ್ಲ ಅಂತ ಆಗಬಹುದು. ಡಾಕ್ಟರ್ ಮೇಡಂ ಶುಕ್ರವಾರ ಬನ್ನಿ ಅಂದಿದ್ದಾರೆ."

ಕಿಡ್ನಿ ಎಂಬ ಮಾತು ಬಿದ್ದದ್ದೇ ದಾನಪ್ಪನ ಕೈಯಲ್ಲಿದ್ದ ತುತ್ತು ತಟ್ಟೆಗೆ ಇಳಿಯಿತು. ಮುರಿಗೆಪ್ಪನನ್ನು ತಿಂದದ್ದೂ ಅದೇ. ಅವನು ಒಂದರ ಹಿಂದೆ ಒಂದು ಪ್ರಶ್ನೆ ಕೇಳಿದ. ಎಷ್ಟು ಕೆಟ್ಟಿದೆ, ಗುಳಿಗೆಯಲ್ಲಿ ಹೋಗುತ್ತದೋ, ಮಷೀನಿಗೆ ಹಾಕುತ್ತಾರೋ, ಏನು ಉಣ್ಣಬೇಕು, ಏನು ಬಿಡಬೇಕು. ರಾಧಿಕಾ ತನಗೆ ತಿಳಿದಷ್ಟು ಹೇಳಿದಳು. ಈಗಲೇ ಗೊತ್ತಾದದ್ದು ಒಳ್ಳೆಯದು, ಬೇಗ ಔಷಧಿ ಶುರು ಮಾಡಿದರೆ ಬಹಳ ವರ್ಷ ಕಾಪಾಡಿಕೊಳ್ಳಬಹುದು ಎಂದಳು. ಆಮೇಲೆ ರುದ್ರವ್ವನ ಕಡೆ ತಿರುಗಿ, ಕ್ಯಾನಿನಲ್ಲಿದ್ದದ್ದು ಒಬ್ಬ ಹೆಂಗಸಿಗೆ ಸ್ವಲ್ಪ ಹೆಚ್ಚೇ ಎಂದು ಮೇಡಂ ಅನ್ನುತ್ತಿದ್ದಾರೆ, ಅದು ಪೂರ್ತಿ ನಿಮ್ಮದೇ ತಾನೇ ಎಂದು ಕೇಳಿದಳು.

ಡಬ್ಬಿಯ ನೊರೆ ರುದ್ರವ್ವನ ಕಣ್ಣ ಮುಂದೆ ಬಂತು. ದಾನಪ್ಪ ಬೆಳಿಗ್ಗೆ ಎದ್ದಾಗ ಕಣ್ಣ ಕೆಳಗೆ ಊದಿಕೊಂಡಿರುವುದು, ಮೆಟ್ಟಿಲು ಹತ್ತಿ ಬಂದು ಬಾಗಿಲ ಚೌಕಟ್ಟು ಹಿಡಿದು ನಿಲ್ಲುವುದು, ಮತ್ತೆ ಮತ್ತೆ ಮೋರಿಗೆ ಹೋಗುವುದು ಎಲ್ಲ ಒಮ್ಮೆಲೇ ಬಂದವು. ನಿದ್ದೆ ಕಡಿಮೆ, ವಯಸ್ಸಾಯಿತು ಎಂದು ಅವಳು ಇವಕ್ಕೆಲ್ಲ ಒಂದೊಂದು ಹೆಸರಿಟ್ಟು ಸುಮ್ಮನಾಗಿದ್ದಳು.

"ನಂದೇ ಅದ. ಮತ್ಯಾರದಿರ್ತದ?" ಎಂದಳು.

ಹುಡುಗಿಯನ್ನು ಬಿಟ್ಟು ಬರುತ್ತೇನೆಂದು ಅವಳ ಜೊತೆ ಇಳಿದವಳು ಕೆಳಗಿನ ಜಿನೆಯ ಮೆಟ್ಟಿಲ ತಿರುವಿನಲ್ಲಿ ನಿಂತು, ಮೀಟರ್ ಪೆಟ್ಟಿಗೆಗಳಿಗೆ ಮುಖ ಮಾಡಿ ಎಲ್ಲ ಹೇಳಿದಳು. ರಾಧಿಕಾಳಿಗೆ ಮೊದಲು ನಗು ಬಂತು. ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಆಮೇಲೆ ಆ ನಗು ನಿಂತಿತು.

"ಅಂದ್ರೆ ಕಾಕಾಗೆ..."

"ಹೂಂ."

"ಮೇಡಂಗೆ ಹೇಳಲೇಬೇಕು, ಕಾಕು. ಇವತ್ತೇ ಹೇಳ್ತೀನಿ. ನಿಮ್ ಸ್ಯಾಂಪಲ್ ಕ್ಯಾನ್ಸಲ್ ಆಗತ್ತೆ. ಔರ್ ಕಾಕಾನ ಕರ್ಕೊಂಡು ಬನ್ನಿ, ಜಲ್ದಿ."

"ಮೇಡಂಗ ಹೇಳವ್ವ, ಬ್ಯಾಡ ಅನ್ನಂಗಿಲ್ಲ. ಇವರ ಮುಂದ ಮಾತ್ರ ಬಾಯಿ ಬಿಡಬ್ಯಾಡ." ರುದ್ರವ್ವ ಅವಳ ಕೈ ಹಿಡಿದುಕೊಂಡಳು. "ತನ್ನ ಸಲುವಾಗಿ ಅಂದ್ರ ಸತ್ರೂ ಬರಂಗಿಲ್ಲ ಅಂವ. ನನ್ನ ಸಲುವಾಗಿ ಬರ್ತಾನ."

ರಾಧಿಕಾ ಒಂದು ಕರಾರಿನ ಮೇಲೆ ಒಪ್ಪಿದಳು. ಕಾಕಾಗೆ ತಿಳಿಸದೆ ಯಾರೂ ಅವರನ್ನು ಮುಟ್ಟುವುದಿಲ್ಲ, ಡಾಕ್ಟರ ಕೋಣೆಯೊಳಗೆ ಹೋಗುವ ಮೊದಲು ಕಾಕುವೇ ಹೇಳಿಬಿಡಬೇಕು ಎಂದಳು. ರುದ್ರವ್ವ ತಲೆಯಾಡಿಸಿದಳು.

ಶುಕ್ರವಾರದವರೆಗಿನ ದಿನಗಳಲ್ಲಿ ದಾನಪ್ಪ ರುದ್ರವ್ವನಿಗೆ ಗುರುತು ಸಿಗದಂತಾದ. ಉಪ್ಪಿನ ಡಬ್ಬಿಯನ್ನು ಎತ್ತಿ ಅಟ್ಟದ ಮೇಲಿಟ್ಟ. ಅವಳಿಗೆ ಸಪ್ಪೆ ಬೇಳೆ ಬಡಿಸಿ, ತನ್ನ ತಟ್ಟೆಗೂ ಅದನ್ನೇ ಸುರಿದುಕೊಂಡ. ನಿಮಗ್ಯಾಕೆ ಈ ಶಿಕ್ಷೆ ಎಂದರೆ ಒಬ್ಬಳೇ ಸಪ್ಪೆ ಉಂಡರೆ ಗಂಟಲಲ್ಲಿ ಇಳಿಯುತ್ತದೇನು ಎಂದ. ಊರಿಗೆಲ್ಲ ಖಾರ, ಉಪ್ಪು ಮಾರುವ ಮನುಷ್ಯ ಮುಖ ಹಿಂಡಿಕೊಂಡು ಸಪ್ಪೆ ರೊಟ್ಟಿ ಅಗಿಯುವುದನ್ನು ನೋಡಿ ಅವಳಿಗೆ ನಗುವೂ ಬರುತ್ತಿತ್ತು, ಕಣ್ಣೂ ತುಂಬುತ್ತಿತ್ತು. ಕುಟ್ಟುವ ಕಲ್ಲನ್ನು ಮುಟ್ಟಗೊಡಲಿಲ್ಲ. ಬೆಳಿಗ್ಗೆ ಅವಳಿಗಿಂತ ಮೊದಲೇ ಎದ್ದು ಚಹಾ ಮಾಡಿ ತಂದುಕೊಟ್ಟ. ಇಷ್ಟು ವರ್ಷದ ಸಂಸಾರದಲ್ಲಿ ಅವನು ಚಹಾದ ಪುಡಿ ಯಾವ ಡಬ್ಬಿಯಲ್ಲಿದೆ ಎಂದು ಕಂಡುಕೊಂಡದ್ದು ಅದೇ ಮೊದಲು.

ನಿಜ ಹೇಳಬೇಕೆಂದರೆ ರುದ್ರವ್ವನಿಗೆ ಇದು ಹಿತವಾಗಿತ್ತು. ಹಿತವಾಗಿದೆಯಲ್ಲ ಎಂದು ತನ್ನ ಮೇಲೇ ಸಿಟ್ಟು ಬರುತ್ತಿತ್ತು. ಅವನು ಚಹಾದ ಕಪ್ಪು ಹಿಡಿದು ಬರುವಾಗ ಅವಳು ಅವನ ಊದಿದ ಕಣ್ಣುಗಳನ್ನೇ ನೋಡುತ್ತಿದ್ದಳು. ರೋಗ ಹೊತ್ತವನು ಗಟ್ಟಿಯಾಗಿದ್ದವಳ ಸೇವೆ ಮಾಡುತ್ತಿದ್ದ. ಹೇಳಿಬಿಡಲೇ ಎಂದು ನಾಲಿಗೆಯ ತುದಿಗೆ ಬರುತ್ತಿತ್ತು. ಹೇಳಿದರೆ ಅವನು ಜಪ್ಪಯ್ಯ ಎಂದರೂ ಶುಕ್ರವಾರ ಮನೆಬಿಟ್ಟು ಕದಲುವುದಿಲ್ಲ ಎಂದು ಗೊತ್ತಿದ್ದರಿಂದ ನುಂಗಿಕೊಳ್ಳುತ್ತಿದ್ದಳು. ಅವನಿಲ್ಲದ ಈ ಖೋಲಿಯನ್ನು ಒಮ್ಮೆ ನೆನೆಸಿಕೊಂಡಳು. ಮತ್ತೆ ನೆನೆಸಿಕೊಳ್ಳುವ ಧೈರ್ಯ ಬರಲಿಲ್ಲ.

ಶುಕ್ರವಾರ ದಾನಪ್ಪ ಅಂಗಡಿಯ ಶಟರ್ ಎತ್ತಲೇ ಇಲ್ಲ. ಯಾವಾಗಲೂ ಅವಳನ್ನು ಲೋಕಲ್ ರೈಲಿನ ಲೇಡೀಸ್ ಡಬ್ಬಿಗೆ ಹತ್ತಿಸಿ ತಾನು ಬೇರೆ ಡಬ್ಬಿಗೆ ಓಡುತ್ತಿದ್ದವನು ಅಂದು ತನ್ನ ಜೊತೆಗೇ ಹತ್ತಿಸಿಕೊಂಡ. ಯಾರೋ ಒಬ್ಬನನ್ನು ಎಬ್ಬಿಸಿ, ಹೆಂಡತಿಗೆ ಕಿಡ್ನಿಯ ತ್ರಾಸು ಎಂದು ಮುರುಕು ಮರಾಠಿಯಲ್ಲಿ ಹೇಳಿ, ಅವಳಿಗೆ ಕಿಟಕಿಯ ಪಕ್ಕ ಜಾಗ ಮಾಡಿಸಿದ. ತಾನು ಗ್ರಾಂಟ್ ರೋಡ್ ಬರುವವರೆಗೂ ಸರಳು ಹಿಡಿದು ನಿಂತೇ ಇದ್ದ. ರುದ್ರವ್ವ ಕಿಟಕಿಯ ಹೊರಗೆ ನೋಡುವ ನೆವ ಮಾಡಿಕೊಂಡು ಕೂತಳು.

ಆಸ್ಪತ್ರೆಯ ಮೆಟ್ಟಿಲ ಬುಡದಲ್ಲಿ ಅವನ ಕಾಲು ನಿಂತಿತು. ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡ, ಅದನ್ನು ಮಡಚಿ ಇಟ್ಟ, ಮತ್ತೆ ತೆಗೆದು ಒರೆಸಿಕೊಂಡ. ಆಮೇಲೆ ಅವಳ ಕೈಯಲ್ಲಿದ್ದ ಚೀಲವನ್ನು ಕಿತ್ತುಕೊಂಡವನ ಹಾಗೆ ತೆಗೆದುಕೊಂಡು, ಅವಳಿಗಿಂತ ಮುಂದಾಗಿ ಮೆಟ್ಟಿಲು ಹತ್ತಿದ.

ಮೇಲಿನ ಮಾಳಿಗೆಯ ಉದ್ದನೆಯ ವರಾಂಡದಲ್ಲಿ ಬೆಂಚುಗಳಿದ್ದವು. ರಾಧಿಕಾ ಅವರನ್ನು ಒಂದರ ಮೇಲೆ ಕೂಡಿಸಿ, ಕರೆದಾಗ ಬನ್ನಿ ಎಂದು ಹೇಳಿ ಡಾಕ್ಟರ ಕೋಣೆಯೊಳಗೆ ಹೋದಳು. ಹೋಗುವಾಗ ರುದ್ರವ್ವನ ಮುಖ ನೋಡಿ ಹೋದಳು. ಇನ್ನು ತಡ ಮಾಡುವಂತಿರಲಿಲ್ಲ.

"ರೀ, ಇಲ್ಲಿ ಕೇಳ್ರಿ. ಸಿಟ್ಟಿಗೇಳಬ್ಯಾಡ್ರಿ."

"ಅಂಜಬ್ಯಾಡ. ನಾ ಇಲ್ಲೇ ಇದ್ದೀನಲ್ಲ."

"ಆ ಕ್ಯಾನಿನಾಗ ನಂದಷ್ಟ ಇರಲಿಲ್ಲ. ನಿಮ್ದೂ ಇತ್ತು." ಅವಳು ಅವನ ಕಡೆ ನೋಡದೆ, ಮೋರಿ ಕಟ್ಟಿಕೊಂಡ ಸುಳ್ಳು, ಡಾಲ್ಡಾದ ಡಬ್ಬಿ, ನೊರೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. "ಬ್ಯಾನಿ ನಂದಲ್ಲರಿ. ನಿಮ್ದು."

ಎದುರಿನ ಗೋಡೆಯ ಮೇಲೆ ಕೈ ತೊಳೆಯುವುದು ಹೇಗೆಂದು ತೋರಿಸುವ ಚಿತ್ರವಿತ್ತು. ದಾನಪ್ಪ ಅದನ್ನು ಮೊದಲಿನಿಂದ ಕೊನೆಯವರೆಗೆ ಕಲಿಯುವವನಂತೆ ನೋಡಿದ.

"ಸುಳ್ಳ ಹೇಳಿ ಕರಕೊಂಡ ಬಂದಿ ನನ್ನ" ಎಂದ ಕೊನೆಗೆ.

"ಖರೇ ಹೇಳಿದ್ರ ಬರ್ತಿದ್ರೇನು?"

ಅವನು ಎದ್ದ. ಚೀಲವನ್ನು ಬೆಂಚಿನ ಮೇಲಿಟ್ಟು, ವರಾಂಡದ ಆ ತುದಿಗೆ, ಜಿನೆಯಿದ್ದ ಕಡೆಗೆ ನಡೆದ. ತಿರುವಿನಲ್ಲಿ ಅವನ ಬಿಳಿ ಅಂಗಿ ಕಾಣದಾಯಿತು. ರುದ್ರವ್ವ ಎದ್ದು ಹಿಂದೆ ಓಡಲಿಲ್ಲ. ಓಡಿ ಹಿಡಿದು ತರಲು ಅವನೇನು ಸಣ್ಣ ಹುಡುಗನೇ? ಅವಳು ಚೀಲವನ್ನು ಮಡಿಲಿಗೆಳೆದುಕೊಂಡು, ಅದರ ಹಿಡಿಕೆಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕೂತಳು. ಈಗ ಅವನು ಮೆಟ್ಟಿಲಿಳಿದಿರಬೇಕು, ಈಗ ಗೇಟು ದಾಟಿರಬೇಕು, ಈಗ ಸ್ಟೇಷನ್ನಿನ ದಾರಿ ಹಿಡಿದಿರಬೇಕು. ಅವಳ ಲೆಕ್ಕದಲ್ಲಿ ಅವನು ದಾದರ್ ಮುಟ್ಟುವ ಹೊತ್ತಿಗೆ ಬೆಂಚು ಒಮ್ಮೆ ಕಿರುಗುಟ್ಟಿತು. ಅವನು ಬಂದು ಪಕ್ಕದಲ್ಲಿ ಕೂತಿದ್ದ. ಅವನ ಉಸಿರು ಏರುತ್ತಿತ್ತು.

"ಅಣ್ಣಗೂ ಹಿಂಗ ನೊರಿ ಬರ್ತಿತ್ತು" ಎಂದ. ದನಿ ಬಹಳ ಸಣ್ಣದಾಗಿತ್ತು.

ರುದ್ರವ್ವ ತಿರುಗಿ ನೋಡಿದಳು. "ನಿಮಗ ಗೊತ್ತಿತ್ತು?"

"ಭಾಳ ದಿನ ಆತು. ದಿನಾ ಒಂದ ತಂಬಿಗಿ ನೀರ ಸುರುವಿ ಬರ್ತಿದ್ದೆ, ನಿನ್ನ ಕಣ್ಣಿಗಿ ಬೀಳಬಾರದಂತ. ಆ ಡಬ್ಬಿ ಕೊಟ್ಟ ದಿನ ನೀ ಏನೂ ಅನ್ನಲಿಲ್ಲ, ನಿಂಗ ತಿಳೀಲಿಲ್ಲ ಅಂದ್ಕೊಂಡೆ." ಅವನು ಅಂಗೈಯಿಂದ ಮೊಣಕಾಲು ಉಜ್ಜಿಕೊಂಡ. "ಆ ಹುಡುಗಿ ಬಂದು ನಿಂಗೂ ಅದೇ ಅಂದಾಗ, ದೇವರು ಇಬ್ಬರಿಗೂ ಕೂಡೇ ಬರದಾನ ಅಂದ್ಕೊಂಡೆ. ನಂದು ಹೋಗ್ಲಿ, ನಿಂದ ಒಂದು ಉಳೀಲಿ ಅಂತ ಬಂದೆ ಇಲ್ಲಿಗಿ."

ಅವಳಿಗೆ ಸಿಟ್ಟು ಬಂತು, ಅಳು ಬಂತು. ಇಷ್ಟು ದಿನ ಒಂದೇ ಖೋಲಿಯಲ್ಲಿ ಇದ್ದುಕೊಂಡು ಇವನು ಇದನ್ನು ಒಬ್ಬನೇ ಹೊತ್ತುಕೊಂಡು ತಿರುಗಿದನಲ್ಲ. ಬೈಯಬೇಕೆಂದು ಬಾಯಿ ತೆರೆದವಳು ಬೈಯಲಿಲ್ಲ.

"ನಂದು ಛಲೋ ಅದರಿ" ಎಂದಳು. "ನಂಗೇನೂ ಆಗಿಲ್ಲ."

"ಅಷ್ಟ ಸಾಕು" ಎಂದ ದಾನಪ್ಪ. ಆಮೇಲೆ ನಿಜವಾಗಿಯೂ ತಿಳಿಯದೆ ಕೇಳಿದ. "ಅಲ್ಲಾ, ನನ್ನ ಉಚ್ಚಿ ಯಾಕ ಹಾಕಿದಿ ಅದರಾಗ?"

"ಅರ್ಧಾ ಆಗಿತ್ತರಿ. ಹಂಗ ಹ್ಯಾಂಗ ಕೊಡೂದು ಮಂದಿ ಕೈಯಾಗ?"

ಅವನು ಅವಳನ್ನೇ ನೋಡಿದ. ಅವನ ಭುಜಗಳು ಕುಲುಕತೊಡಗಿದವು. ನಗುತ್ತಿದ್ದಾನೋ ಅಳುತ್ತಿದ್ದಾನೋ ಎಂದು ಎದುರು ಬೆಂಚಿನ ಮುದುಕಿ ಕತ್ತು ಉದ್ದ ಮಾಡಿ ನೋಡಿದಳು. ರುದ್ರವ್ವನಿಗೂ ಅದು ಸರಿಯಾಗಿ ಗೊತ್ತಾಗಲಿಲ್ಲ. ಸೆರಗಿನ ತುದಿ ಕೊಟ್ಟಳು, ಅವನು ಮುಖ ಒರೆಸಿಕೊಂಡ.

ಕೋಣೆಯ ಬಾಗಿಲು ತೆರೆದು ರಾಧಿಕಾ ಇಣುಕಿದಳು. ಯಾರನ್ನು ಕರೆಯಬೇಕೆಂದು ತಿಳಿಯದೆ ಇಬ್ಬರ ಮುಖವನ್ನೂ ನೋಡಿದಳು. ರುದ್ರವ್ವ ತಾನು ಏಳಲಿಲ್ಲ.

ದಾನಪ್ಪ ಅವಳ ಭುಜದ ಮೇಲೆ ಕೈಯೂರಿ ಎದ್ದು ನಿಂತ. ನಿಂತ ಮೇಲೂ ಕೈ ತೆಗೆಯಲಿಲ್ಲ. ಅವಳು ಹಾಗೇ ಎದ್ದು, ಚೀಲ ಹಿಡಿದು ಅವನ ಜೊತೆ ನಡೆದಳು. ಒಳಗಿನ ಮೇಜು ಅಡ್ಡ ಬರುತ್ತಿದ್ದರಿಂದ ಆ ಬಾಗಿಲು ಒಬ್ಬರು ಹೋಗುವಷ್ಟೇ ತೆರೆಯುತ್ತಿತ್ತು. ಇಬ್ಬರೂ ಸ್ವಲ್ಪ ಓರೆಯಾಗಿ, ಒಟ್ಟಿಗೇ ಒಳಗೆ ಹೋದರು.